ಪಕ್ಕದ ಮನೆಯ ನಾಯಿ ಮತ್ತು ಅಜ್ಜನವರ ಭಿಕ್ಷೆ

ಅಜ್ಜನವರ ಪವಾಡ ಹೇಳಿರೆಂದು ನನ್ನ ಬೆನ್ನು ಹತ್ತುವವರಿಗೆಲ್ಲ ನಾನು ಇದೊಂದು ಪ್ರಸಂಗವನ್ನೇ ಹೇಳುತ್ತೇನೆ. ಇದರಲ್ಲಿ ಪವಾಡವಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಒಣಗಿದ ಬಾವಿಯಲ್ಲಿ ನೀರು ಉಕ್ಕುವುದಿಲ್ಲ, ಸತ್ತವರು ಎದ್ದು ಕೂರುವುದಿಲ್ಲ. ಬೇಕಾದವರು ಕೇಳಲಿ, ಬೇಡದವರು ಪ್ರಸಾದ ತೆಗೆದುಕೊಂಡು ಸುಮ್ಮನೆ ಮನೆಗೆ ಹೋಗಲಿ.

ಕರೆಕೊಪ್ಪದ ಪೂಜ್ಯ ಶ್ರೀ ಮರುಳಯ್ಯಜ್ಜನವರು ಆ ದಿನಗಳಲ್ಲಿ, ಮುಚ್ಚಿಹೋದ ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದೆ ತಗಡಿನ ಕೋಣೆಯೊಂದರಲ್ಲಿ ವಾಸವಾಗಿದ್ದರು. ಒಂದು ಕಂಬಳಿ, ಒಂದು ಜೋಳಿಗೆ, ನೀರಿನ ತಂಬಿಗೆ. ಅವರ ಮಠವೆಂದರೆ ಅಷ್ಟೇ. ಪ್ರತಿ ಸೋಮವಾರ ಬೆಳಿಗ್ಗೆ ಕಾಲಿಗೆ ಜಂಗು ಕಟ್ಟಿಕೊಂಡು ಭಿಕ್ಷೆಗೆ ಹೊರಡುತ್ತಿದ್ದರು. ಜಂಗು ಎಂದರೆ ಜಂಗಮರು ಮೊಣಕಾಲ ಕೆಳಗೆ ಕಟ್ಟಿಕೊಳ್ಳುವ ಸಣ್ಣ ಗಂಟೆ. ಅದರ ಕಿಣಿಕಿಣಿ ಕೇಳಿದ ಕೂಡಲೇ ಮನೆಯವರು ಮೊರದಲ್ಲಿ ಜೋಳ ಹಿಡಿದು ಹೊರಗೆ ಬರುತ್ತಿದ್ದರು. ಅಜ್ಜನವರು ಬಾಯಿ ಬಿಟ್ಟು ಬೇಡುತ್ತಿರಲಿಲ್ಲ, ಬಾಗಿಲು ಬಡಿಯುತ್ತಿರಲಿಲ್ಲ; ಅದು ಅವರ ವ್ರತ. ಒಂದು ಆಕಳು ಹಿಂಡುವಷ್ಟು ಹೊತ್ತು ನಿಲ್ಲುವರು. ಯಾರೂ ಬಾರದಿದ್ದರೆ ಹೊಸ್ತಿಲಿಗೆ ಕೈಮುಗಿದು ಮುಂದಿನ ಮನೆಗೆ ಹೋಗುವರು.

ಅದೇ ಊರಿನ ಪೇಟೆ ಓಣಿಯಲ್ಲಿ ಕಾಳಪ್ಪ ಬಡಿಗೇರ ಎಂಬವರು ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಸುತ್ತಲಿನ ಭಜನಾ ಮಂಡಳಿಗಳ, ನಾಟಕದವರ ಪೆಟ್ಟಿಗೆಗಳೆಲ್ಲ ಅವರ ಕೈಗೇ ಬರಬೇಕು. ಸ್ವರ ಹೊರಡಿಸುವ ಹಿತ್ತಾಳೆಯ ರೀಡನ್ನು ಕೂದಲೆಳೆಯಷ್ಟು ಕೆರೆಯುವುದು, ಕಿವಿಗೊಟ್ಟು ಕೇಳುವುದು, ಮತ್ತೆ ಕೆರೆಯುವುದು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಉಳಿದದ್ದು ಆ ಕೆಲಸ ಮತ್ತು ಆ ಕೆಲಸಕ್ಕೆ ಬೇಕಾದ ಕಿವಿ, ಎರಡೇ. ಅದಕ್ಕೆ ನಿಶ್ಶಬ್ದ ಬೇಕು. ಪೇಟೆ ಓಣಿಯಲ್ಲಿ ನಿಶ್ಶಬ್ದ ಎಲ್ಲಿಂದ ಬರಬೇಕು ಹೇಳಿ.

ಬೆಳಗಾದರೆ ಭಿಕ್ಷುಕರ ಸಾಲು. ಅವರಲ್ಲಿ ಫಕೀರಪ್ಪನೆಂಬ ಕುರುಡನೊಬ್ಬ ಏಕತಾರಿ ಹಿಡಿದು, ಕೊಡುವವರೆಗೂ ಕಟ್ಟೆ ಬಿಟ್ಟು ಏಳದೆ ಹಾಡುತ್ತಿದ್ದ. ಪಕ್ಕದ ಮನೆಯಲ್ಲಿ ಮಿರ್ಚಿ ಮಾರುವ ವಿಧವೆ ತಿಪ್ಪವ್ವ ಸಾಕಿದ ಮೋತಿ ಎಂಬ ನಾಯಿ ಹಾದಿಹೋಕರನ್ನೆಲ್ಲ ಕಂಡು ಬೊಗಳುತ್ತಿತ್ತು. ಸಾಲದ್ದಕ್ಕೆ ಮೋತಿಗೆ ಎರಡು ಮರಿ. ಅವು ಕಾಳಪ್ಪನವರ ಅಂಗಡಿಗೆ ನುಗ್ಗಿ ಪೆಟ್ಟಿಗೆಯ ಗಾಳಿಚೀಲದ ತೊಗಲನ್ನು ಕಿತ್ತು ಓಣಿತುಂಬ ಎಳೆದಾಡುವವು. ಬೈದರೆ ಬಾಲ ಅಲ್ಲಾಡಿಸುವವು.

ಅಷ್ಟರಲ್ಲಿ ರಿಪೇರಿಯಾಗಿ ಹೋದ ಪೆಟ್ಟಿಗೆಗಳು ಮರಳಿ ಬರತೊಡಗಿದವು. ಮೇಲಿನ ಸಪ್ತಕ ಕೂಡಿಲ್ಲ ಎಂದು ಒಬ್ಬರು, ಎತ್ತರದ ಸ್ವರ ಅಪಸ್ವರ ಎಂದು ಇನ್ನೊಬ್ಬರು. ಮೂರು ತಿಂಗಳಲ್ಲಿ ಅಂಗಡಿ ಬಿಕೋ ಎನ್ನತೊಡಗಿತು. ಈ ಗದ್ದಲದಲ್ಲಿ ಬ್ರಹ್ಮದೇವರು ಬಂದರೂ ಸ್ವರ ಕೂಡಿಸಲಾರರೆಂದು ಕಾಳಪ್ಪನವರು ಕೂಗಾಡಿದರು. ಫಕೀರಪ್ಪನ ಮೈಮೇಲೆ ಕೊಡ ನೀರು ಸುರಿದರು. ಒಂದು ಮಧ್ಯಾಹ್ನ ಎರಡೂ ಮರಿಗಳನ್ನು ಚೀಲಕ್ಕೆ ಹಾಕಿ ಒಯ್ದು ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಬಿಟ್ಟು ಬಂದರು. ಮೋತಿ ಮೂರು ದಿನ ಅನ್ನ ಮುಟ್ಟದೆ ಊಳಿಟ್ಟಿತು. ಇದನ್ನು ನೋಡಲಾರದೆ, ಮತ್ತು ಕಾಳಪ್ಪನವರ ಬೈಗುಳ ಕೇಳಲಾರದೆ, ತಿಪ್ಪವ್ವ ನಾಯಿಯನ್ನು ತನ್ನ ತಂಗಿಯ ಊರಿಗೆ ಕಳಿಸಿಬಿಟ್ಟಳು.

ಆದರೂ ಬೊಗಳುವುದು ನಿಲ್ಲಲಿಲ್ಲ. ತಿಪ್ಪವ್ವ ನಾಯಿಯನ್ನು ಮನೆಯೊಳಗೆ ಬಚ್ಚಿಟ್ಟಿದ್ದಾಳೆಂದು ಕಾಳಪ್ಪನವರು ಓಣಿಯವರೆದುರು ಜಗಳ ತೆಗೆದರು. ಆಕೆ ಅಳುತ್ತ ಬಾಗಿಲು ತೆರೆದು, ಒಳಗೆ ಹೋಗಿ ನೋಡಿಕೊಳ್ಳಿ ಎಂದಳು. ಹೋಗಿ ಹಾಸಿಗೆ ಎತ್ತಿ ನೋಡಿದರು. ನಾಯಿ ಇರಲಿಲ್ಲ. ಬೊಗಳುವುದು ಮಾತ್ರ ಕೇಳುತ್ತಲೇ ಇತ್ತು. ಮಾಟ ಮಾಡಿಸಿದ್ದಾಳೆ ಎಂಬುದು ಅವರಿಗೆ ಖಾತ್ರಿಯಾಯಿತು.

ಆಗ ಅವರು ಅಜ್ಜನವರ ಬಳಿ ಬಂದರು. ಭಕ್ತಿಯಿಂದ ಬಂದರೆಂದು ತಿಳಿಯಬೇಡಿ; ಜಗಳಕ್ಕೇ ಬಂದರು. ಭಿಕ್ಷುಕರು, ಮರಿಗಳು, ನಾಯಿ ಎಲ್ಲರ ದೂರನ್ನೂ ಒಂದೇ ಉಸಿರಿನಲ್ಲಿ ಒದರಿದರು. ಕೊನೆಗೆ ಒಳಗಿನ ಹುಣ್ಣು ಹೊರಬಿತ್ತು. ಮೂರು ತಿಂಗಳಿಂದ ಅಜ್ಜನವರೂ ಭಿಕ್ಷೆಗೆ ತಮ್ಮ ಮನೆಗೆ ಬರುವುದನ್ನು ಬಿಟ್ಟುಬಿಟ್ಟಿದ್ದಾರೆ, ಊರೆಲ್ಲ ಸುತ್ತುವ ಜಂಗಮರಿಗೆ ತಮ್ಮ ಹೊಸ್ತಿಲೊಂದೇ ಬೇಡವಾಯಿತೇ, ಅಂಥ ಪಾಪ ತಾವೇನು ಮಾಡಿದ್ದೇವೆ ಎಂದು ಕೇಳಿದರು.

ಅಜ್ಜನವರು ಎದ್ದು, ಗೂಟಕ್ಕಿದ್ದ ಜಂಗನ್ನು ತೆಗೆದುಕೊಂಡು ಕಾಳಪ್ಪನವರ ಬೆನ್ನ ಹಿಂದೆ ಹೋಗಿ ನಿಂತರು. ಕಾಳಪ್ಪನವರು ಮಾತಾಡುತ್ತಲೇ ಇದ್ದರು. ಎಷ್ಟು ಹೊತ್ತಾದರೂ ಉತ್ತರ ಬಾರದಿದ್ದಾಗ ಹೊರಳಿ ನೋಡಿದರು. ಅಜ್ಜನವರ ಕೈಯಲ್ಲಿ ಜಂಗು ಅಲುಗುತ್ತಿತ್ತು. ಅದರ ನಾಲಗೆ ಆ ಕಡೆ ಈ ಕಡೆ ಬಡಿಯುತ್ತಿತ್ತು. ಸದ್ದು ಇರಲಿಲ್ಲ.

“ಕಾಳಪ್ಪ,” ಎಂದರು ಅಜ್ಜನವರು. “ಪ್ರತಿ ಸೋಮವಾರ ನಿನ್ನ ಬಾಗಿಲಿಗೆ ಬಂದೀನಿ. ನಿಂತು ಹೋಗೀನಿ.”

ಕಾಳಪ್ಪನವರು ಜಂಗನ್ನು ಕಸಿದುಕೊಂಡು ಎಡಗಿವಿಗೆ ಹಿಡಿದು ಅಲ್ಲಾಡಿಸಿದರು, ಬಲಗಿವಿಗೆ ಹಿಡಿದು ಅಲ್ಲಾಡಿಸಿದರು. ಎರಡರಲ್ಲೂ ನಾಯಿಯೇ ಬೊಗಳುತ್ತಿತ್ತು.

“ಮತ್ತ ಈ ನಾಯಿ, ಅಜ್ಜಾರ? ಈಗೂ ಬೊಗಳಾಕತ್ತೈತಲ್ಲರಿ?”

“ಇಲ್ಲಿ ಯಾವ ನಾಯೀನೂ ಇಲ್ಲಪ್ಪ. ಅದು ನಿನ್ನ ಕಿವಿಯೊಳಗಿಂದು.”

ಆಗ ಅವರಿಗೆ ಎಲ್ಲ ಹೊಳೆಯಿತು: ಮಾತು ಕೇಳುವ ತಮ್ಮ ಕಿವಿಗೆ ಜಂಗಿನಂಥ ಎತ್ತರದ ಸದ್ದು ಕೇಳದಾಗಿತ್ತು. ಮೇಲಿನ ಸಪ್ತಕ ಏಕೆ ಕೂಡಲಿಲ್ಲ, ಪೆಟ್ಟಿಗೆಗಳು ಏಕೆ ಮರಳಿ ಬಂದವು, ತಿಪ್ಪವ್ವ ಏಕೆ ಅತ್ತಳು, ಎಲ್ಲವೂ. ಅಜ್ಜನವರ ಪಾದ ಹಿಡಿದು ಕಿವಿ ಮರಳಿ ಕೊಡಿ ಎಂದು ಅಂಗಲಾಚಿದರು. ಅದು ತಮ್ಮ ಕೈಯಲ್ಲಿಲ್ಲ ಎಂದು ಅಜ್ಜನವರು ನೇರವಾಗಿ ಹೇಳಿದರು. ಉಳಿದಿದ್ದ ಕಿವಿಯೂ ಹೋದರೆ ತಮಗೆ ಇನ್ನೇನು ಉಳಿಯಿತೆಂದು ಕಾಳಪ್ಪನವರು ನೆಲಕ್ಕೆ ಹಣೆ ಬಡಿದುಕೊಂಡರು. ಅಜ್ಜನವರ ಕಣ್ಣಲ್ಲೂ ನೀರಿತ್ತಂತೆ. ಕೇಳಿದರು:

“ಮರಿ ಎಲ್ಲಿ ಬಿಟ್ಟಿ?”

ಮರಿಗಳನ್ನು ಬಿಟ್ಟು ಒಂಬತ್ತು ದಿನವಾಗಿತ್ತು. ಕಾಳಪ್ಪನವರು ಚಪ್ಪಲಿ ಮೆಟ್ಟದೆ ಸ್ಟೇಷನ್ನಿನ ಕಡೆ ಓಡಿದರು. ಶೆಡ್ಡಿನ ಮುಂದೆ ನಿಂತಾಗ ಇನ್ನೊಂದು ಸಂಕಟ ಎದುರಾಯಿತು. ಮೂಟೆಗಳ ಸಂದಿಯಲ್ಲಿ ಆ ಮರಿಗಳು ಕುಂಯ್‌ಗುಟ್ಟಿದರೂ ತಮಗೆ ಕೇಳುವುದಿಲ್ಲವಲ್ಲ. ಅಲ್ಲೇ ಬೇವಿನ ಮರದ ಕೆಳಗೆ ಫಕೀರಪ್ಪ ಕುಳಿತಿದ್ದ. ಕಾಳಪ್ಪನವರು ಆತನ ಮುಂದೆ ಕುಕ್ಕರಗಾಲಲ್ಲಿ ಕೂತು, ತಾವು ಯಾರೆಂದು ಹೇಳಿ, ಒಂದು ತಾಸು ನಿನ್ನ ಕಿವಿ ಕೊಡಪ್ಪ ಎಂದು ಬೇಡಿದರು. ಹೌದು, ಬೇಡಿದರು. ಫಕೀರಪ್ಪ ಏಕತಾರಿಯನ್ನು ಮರಕ್ಕೆ ಒರಗಿಸಿ ಎದ್ದು ಕೈ ಚಾಚಿದ.

ಕೈ ಹಿಡಿದುಕೊಂಡು ಹೊತ್ತು ಇಳಿಯುವವರೆಗೆ ಹುಡುಕಿದರು. ರೈಲಿನ ಡಬ್ಬಿಗಳ ಕೆಳಗೆ, ಗೊಬ್ಬರದ ಚೀಲಗಳ ಹಿಂದೆ, ಗಟಾರದುದ್ದಕ್ಕೂ. ಕಾಳಪ್ಪನವರ ಕಿವಿಯಲ್ಲಿ ಈಗ ಬೊಗಳುವ ಸದ್ದು ಹೋಗಿ ಮರಿಗಳು ಅಳತೊಡಗಿದ್ದವು. ಹೆಜ್ಜೆ ಹೆಜ್ಜೆಗೂ ನಿಂತು, ಅಗೋ ಅಲ್ಲಿ, ಕೇಳಿತೇ ಎಂದು ಕೇಳುವರು. ಫಕೀರಪ್ಪ ಕತ್ತು ಓರೆ ಮಾಡಿ ಆಲಿಸಿ ಇಲ್ಲ ಎನ್ನುವನು. ಕೊನೆಯ ಸಲ ಆತನ ಭುಜ ಹಿಡಿದು ಅಲ್ಲಾಡಿಸಿ ಕೇಳಿದರಂತೆ.

“ಖರೇನ ಕೇಳವಲ್ದಾ?”

“ಇಲ್ಲರಿ ಯಜಮಾನ್ರ. ಏನೂ ಇಲ್ಲ.”

ತಮ್ಮ ಕಿವಿಗಿಂತ ಮಿಗಿಲಾದ ಕಿವಿ ಇಲ್ಲವೆಂದು ಬದುಕಿದ್ದ ಕಾಳಪ್ಪನವರು ಅಂದು ವಾದ ಮಾಡಲಿಲ್ಲ. ಫಕೀರಪ್ಪನನ್ನು ಮನೆಗೆ ಕರೆತಂದು, ತಾವೇ ರೊಟ್ಟಿ ಬಡಿದು ಉಣಿಸಿದರು. ಮರುದಿನ ತಿಪ್ಪವ್ವನ ಕಾಲಿಗೆ ಬಿದ್ದರು. ಆಕೆ ಏನೂ ಅನ್ನಲಿಲ್ಲ, ನಾನಾಗಿದ್ದರೆ ಅನ್ನುತ್ತಿದ್ದೆ. ಮರಿಗಳು ಸಿಗಲೇ ಇಲ್ಲ.

ಇದನ್ನೆಲ್ಲ ನನಗೆ ಹೇಳಿದವರು ಕಾಳಪ್ಪನವರೇ. ಆಗ ಅವರು ಅಜ್ಜನವರ ಕೋಣೆಯ ಕಸ ಗುಡಿಸಿಕೊಂಡು, ಬಂದ ಭಿಕ್ಷುಕರಿಗೆಲ್ಲ ಎಡೆ ಮಾಡಿಕೊಂಡು ಇದ್ದರು. ಕಿವಿ ಪೂರ್ತಿ ಹೋಗಿತ್ತು. ಸದ್ದು ಈಗಲೂ ಇದೆಯೇ ಎಂದು ನಾನು ಸನ್ನೆ ಮಾಡಿ ಕೇಳಿದೆ.

“ಅಳತಾವು,” ಎಂದರು. “ಸುಮ್ಮಕಿರ್ರಿ ಅಂತ ನಾ ಈಗ ಅನ್ನೂದಿಲ್ಲ.”