ಎಲೆ ಎತ್ತುವ ಸರದಿ

ಈ ಕಥೆಯಲ್ಲಿ ಪವಾಡ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಎಂಜಲೆಲೆ ಇದೆ, ಸಗಣಿ ನೀರಿದೆ, ಒಬ್ಬ ಜಾಣ ಶಿಷ್ಯ ಇದ್ದಾನೆ. ಅಷ್ಟು ಸಾಕು ಅನ್ನುವವರು ಕೂತು ಕೇಳಿ.

ಹೊಳೆಯ ದಂಡೆಯಲ್ಲಿ ಮರುಳಯ್ಯನವರ ಆಶ್ರಮ. ಕಣ್ಣು ಮುಚ್ಚಿ ಕೂತು ಪಾದ ತೋರಿಸುವ ಗುರುಗಳಲ್ಲ ಅವರು. ಬೆಳಿಗ್ಗೆ ಪಾಠ ಹೇಳುತ್ತಿದ್ದರು, ಬಿಸಿಲು ಇಳಿದ ಮೇಲೆ ಬದನೆ ಮಡಿಗೆ ನೀರು ಬಿಡುತ್ತಿದ್ದರು. ಶಿಷ್ಯರನ್ನು ‘ಲೋ’ ಎಂದೇ ಕರೆಯುವುದು, ತಪ್ಪಿದರೆ ಬೈಯುವುದು. ಬೈಯುವುದರಲ್ಲಿ ಅವರು ಜಿಪುಣತನ ಮಾಡಿದವರೇ ಅಲ್ಲ.

ಆಶ್ರಮದ ಗೋಡೆಯ ಮೇಲೆ ನಿಯಮ ಅಂತ ಏನೂ ಬರೆದಿರಲಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಮುತ್ತುಗದ ಎಲೆಯಲ್ಲಿ ಉಣ್ಣುತ್ತಿದ್ದರು. ಉಂಡಾದ ಮೇಲೆ ಆ ದಿನ ಯಾರ ಸರದಿಯೋ ಅವನು ಸಾಲಿನ ಎಲೆಗಳನ್ನೆಲ್ಲ ಎತ್ತಿ ತಿಪ್ಪೆಗೆ ಹಾಕಿ, ನೆಲಕ್ಕೆ ಸಗಣಿ ನೀರು ಸಾರಿಸಬೇಕು. ಸರದಿ ಎಲ್ಲರಿಗೂ ಬರುತ್ತಿತ್ತು. ಗುರುಗಳಿಗೂ ಬರುತ್ತಿತ್ತು.

ಸರದಿ ಇಲ್ಲದವರು ಅಂದರೆ ನೆಂಟರು ಮಾತ್ರ. ದಾರಿಹೋಕರು, ಯಾತ್ರೆಗೆ ಹೊರಟವರು ಬಂದರೆ ಅವರಿಗೆ ಮೊದಲ ಎಲೆ, ಮೆತ್ತನೆ ಚಾಪೆ. ನಾಲ್ಕು ದಿನ ಇದ್ದು ಹೊರಟರೆ ಕೈಗೊಂದು ಬುತ್ತಿ. ಗುರುಗಳೇ ದಾರಿಯ ತಿರುವಿನ ಹುಣಸೆ ಮರದ ತನಕ ಹೋಗಿ ಕಳಿಸಿ ಬರುತ್ತಿದ್ದರು.

ಇನ್ನು ಶರಭ. ಶಿಷ್ಯರಲ್ಲೆಲ್ಲ ಅವನೇ ಜಾಣ, ಅದರಲ್ಲಿ ಎರಡು ಮಾತಿಲ್ಲ. ಒಮ್ಮೆ ಕೇಳಿದ್ದನ್ನು ಮರೆತವನಲ್ಲ. ಕಲಿಕೆ ಮುಗಿದ ಮೇಲೂ ಇಲ್ಲೇ ಉಳಿಯಬೇಕು, ಇದೇ ಜಗಲಿಯಲ್ಲಿ ಕೂತು ಚಿಕ್ಕವರಿಗೆ ಪಾಠ ಹೇಳಬೇಕು. ಅವನಿಗಿದ್ದದ್ದು ಇದೊಂದೇ ಆಸೆ. ಹಾಗೆ ಉಳಿಯುವವನು ಯಾರೆಂದು ಗುರುಗಳು ಸುಗ್ಗಿ ಕಳೆದ ಮೇಲೆ ಹೇಳುವವರಿದ್ದರು.

ಅವನು ಹುಟ್ಟಿದ್ದು ಗೌಡರ ಮನೆಯಲ್ಲಿ. ಅಲ್ಲಿ ಉಂಡು ಕೈ ತೊಳೆಯುವುದರೊಳಗೆ ಎಲೆ ಮಾಯವಾಗುತ್ತಿತ್ತು, ಎತ್ತಿದವರು ಯಾರೆಂದು ಅವನು ತಿರುಗಿ ನೋಡಿದವನಲ್ಲ. ಆಶ್ರಮದಲ್ಲಿ ಸರದಿ ಬಂದಾಗಲೆಲ್ಲ ಮೂಗು ಹಿಡಿದುಕೊಂಡು ಎತ್ತುತ್ತಿದ್ದ. ಒಂದು ದಿನ ಅದೂ ಸಾಕಾಯಿತು. ನೇರ ಬದನೆ ಮಡಿಯ ಹತ್ತಿರ ಹೋಗಿ ನಿಂತ.

“ಗುರುಗಳೇ, ನನ್ನ ಎಲೆ ನಾನು ಎತ್ತಿಕೊಳ್ಳುತ್ತೇನೆ. ಉಳಿದವರ ಎಂಜಲು ನನಗೇಕೆ? ಆ ಹೊತ್ತಿನಲ್ಲಿ ಚಿಕ್ಕವರಿಗೆ ಪಾಠ ಹೇಳಿದರೆ ಆಶ್ರಮಕ್ಕೇ ಲಾಭ.”

ಮಾತೇನೋ ಚೊಕ್ಕವಾಗೇ ಇತ್ತು. ಗುರುಗಳು ಮಣ್ಣಿನ ಕೈಯಲ್ಲೇ ಅವನನ್ನು ನೋಡಿದರು.

“ನಿನ್ನ ಎಲೆಯನ್ನಾದರೂ ನೀನ್ಯಾಕೆ ಎತ್ತಬೇಕು? ಅದನ್ನೂ ಬಿಟ್ಟುಬಿಡು.”

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಶರಭನಿಗೆ ಕುಣಿಯುವಷ್ಟು ಖುಷಿಯಾಯಿತು.

ಗುರುಗಳು ಕೈ ತೊಳೆದುಕೊಂಡು ಬಂದು ಎಲ್ಲರನ್ನೂ ಕರೆದರು. ಇವತ್ತಿನಿಂದ ಶರಭಪ್ಪನವರು ನಮ್ಮ ಮನೆಯ ನೆಂಟರು, ಅವರಿಗೆ ಯಾವ ಸರದಿಯೂ ಇಲ್ಲ, ಉಪಚಾರದಲ್ಲಿ ಕೊರತೆಯಾದರೆ ನಿಮ್ಮ ಕಿವಿ ಹಿಂಡುತ್ತೇನೆ ಅಂದರು. ಶರಭನ ಜೊತೆ ದಿನಾ ಕಿತ್ತಾಡುವ ಗೆಳೆಯ ಕೊಟ್ರ ನಗಲು ಹೋಗಿ, ಗುರುಗಳ ಮುಖ ನೋಡಿ ಸುಮ್ಮನಾದ.

ಗುರುಗಳು ತಾವೇ ಚೊಂಬಿನಲ್ಲಿ ನೀರು ತಂದು ಶರಭನ ಮುಂದಿಟ್ಟರು. ಕಾಲು ತೊಳೆದುಕೊಳ್ಳಿ ಅಂದರು.

ಮೊದಮೊದಲು ಸುಖವೋ ಸುಖ. ಬಾವಿಯಿಂದ ನೀರು ಸೇದುವುದಿಲ್ಲ, ಸೌದೆ ಒಡೆಯುವುದಿಲ್ಲ. ಪಂಕ್ತಿಯಲ್ಲಿ ಮೊದಲ ಎಲೆ ಅವನದು, ತುಪ್ಪ ಮೊದಲು ಬೀಳುವುದೂ ಅವನ ಅನ್ನಕ್ಕೇ. ಉಂಡು ಏಳುತ್ತಿದ್ದ, ಜಗಲಿಗೆ ಹೋಗಿ ಓದುತ್ತಿದ್ದ. ಓದಿದ್ದೆಲ್ಲ ತಲೆಗೆ ಹತ್ತುತ್ತಿತ್ತು. ಇದಲ್ಲವೇ ಬದುಕು ಅಂದುಕೊಂಡ.

ಆಮೇಲೆ ಒಂದೊಂದೇ ಚುಚ್ಚತೊಡಗಿತು.

ಬಾವಿಕಟ್ಟೆಯಲ್ಲಿ ಹುಡುಗರು ನಗುತ್ತಿರುತ್ತಿದ್ದರು. ಶರಭ ಹೋದರೆ ನಗು ನಿಲ್ಲುತ್ತಿತ್ತು. ಕುಡಿಯಲು ನೀರು ಬೇಕಿತ್ತೇನೋ ಎಂದು ಯಾರಾದರೂ ಮರ್ಯಾದೆಯಿಂದ ಕೇಳುತ್ತಿದ್ದರು. ನಕ್ಕಿದ್ದು ಯಾತಕ್ಕೆಂದು ಅವನಿಗೆ ಹೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊರಿನ ದನಗಳು ಬೇಲಿ ಮುರಿದು ಬದನೆ ಮಡಿಗೆ ನುಗ್ಗಿದವು. ಆಶ್ರಮಕ್ಕೆ ಆಶ್ರಮವೇ ಕೋಲು ಹಿಡಿದು ಓಡಿತು. ಶರಭನೂ ಪಂಚೆ ಎತ್ತಿ ಕಟ್ಟಿದ. ಕೊಟ್ರ ಓಡುತ್ತಿದ್ದವನು ನಿಂತು, ನೀವು ಕೂತಿರಿ, ನಿಮಗ್ಯಾಕೆ ತೊಂದರೆ ಅಂದು ಹೋದ. ದನ ಓಡಿಸಿ ಬಂದವರೆಲ್ಲ ಮೈಗೆ ಮಣ್ಣು ಮೆತ್ತಿಕೊಂಡು, ಯಾರು ಎಲ್ಲಿ ಜಾರಿ ಬಿದ್ದರು ಅಂತ ಸಂಜೆಯ ತನಕ ಹೇಳಿಕೊಂಡು ನಕ್ಕರು. ಚೊಕ್ಕ ಪಂಚೆಯಲ್ಲಿ ಜಗಲಿ ಮೇಲೆ ಕೂತಿದ್ದವನ ಹೊಟ್ಟೆಯೊಳಗೆ ಏನೋ ಉರಿಯಿತು. ಹೊಟ್ಟೆಕಿಚ್ಚೇ ಅದು, ಬೇರೆ ಹೆಸರು ಯಾಕೆ ಕೊಡಬೇಕು?

ಪಾಠದಲ್ಲೂ ಹಾಗೇ. ಮೊದಲೆಲ್ಲ ಬಿಡಿಸಲಾಗದ ಪ್ರಶ್ನೆಯನ್ನು ಗುರುಗಳು ಕೊನೆಗೆ ಅವನಿಗೇ ಕೇಳುತ್ತಿದ್ದರು. ಅದೇ ಅವನ ಹೆಮ್ಮೆಯಾಗಿತ್ತು. ಈಗ ಯಾವ ಪ್ರಶ್ನೆಯೂ ಅವನ ಕಡೆ ಬರಲಿಲ್ಲ. ಅವತ್ತು ಮಳೆ ನಕ್ಷತ್ರಗಳ ಪಾಠ ನಡೆದಿತ್ತು. ಶರಭ ತಾನಾಗಿ ಎದ್ದು, ನಾನು ಹೇಳಲೇ ಎಂದು ಕೇಳಿದ. ಅಗತ್ಯವಾಗಿ ಹೇಳಿ ಅಂದರು ಗುರುಗಳು.

ಅವನು ಅಶ್ವಿನಿಯಿಂದ ಶುರು ಮಾಡಿದ. ಚಿತ್ತೆ ಆದ ಮೇಲೆ ಬೇಕೆಂದೇ ಸ್ವಾತಿಯನ್ನು ನುಂಗಿ ನೇರ ವಿಶಾಖೆಗೆ ಹಾರಿದ. ಹಾರಿ, ಬೈಗುಳಕ್ಕಾಗಿ ಕಾದು ನಿಂತ.

ಬಹಳ ಚೆನ್ನಾಗಿ ಹೇಳಿದಿರಿ ಅಂದರು ಗುರುಗಳು.

ಮುಂದಿನ ಸರದಿ ಕೊಟ್ರನದು. ಅವನು ಮಘೆಯನ್ನು ಬಿಟ್ಟ. ಲೋ ಕೊಟ್ರ, ಮಘೆ ಮಳೆ ನಿಮ್ಮಪ್ಪ ಬಂದು ಸುರಿಸುತ್ತಾನೇನೋ, ಮೊದಲಿಂದ ಹೇಳು ಎಂದು ಗುರುಗಳು ಗದರಿದರು. ಕೊಟ್ರ ತಲೆ ಕೆರೆದುಕೊಂಡು ಮತ್ತೆ ಅಶ್ವಿನಿಗೆ ಬಂದ. ಶರಭ ಅವನನ್ನೇ ನೋಡುತ್ತ ಕೂತ. ಬೈಸಿಕೊಳ್ಳುವವನ ಭಾಗ್ಯ ಎಂಥದ್ದು ಅಂತ ಅವತ್ತು ಅವನಿಗೆ ಗೊತ್ತಾಯಿತು.

ಪಾಠ ಮುಗಿದ ಮೇಲೆ ಅವನು ಗುರುಗಳ ಹಿಂದೆ ಹೋದ.

“ನಾನು ತಪ್ಪು ಹೇಳಿದೆ ಗುರುಗಳೇ.”

“ಹೌದು.”

“ನೀವು ತಿದ್ದಲಿಲ್ಲ.”

“ನೆಂಟರ ತಪ್ಪು ಹಿಡಿಯೋದು ಈ ಮನೆಯ ಪದ್ಧತಿ ಅಲ್ಲ.”

ಬಾಯಲ್ಲಿ ಬಿಸಿ ತುಪ್ಪ ಬಿದ್ದ ಹಾಗಾಯಿತು ಶರಭನಿಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹಾಗಾದರೆ ನಾನು ಸರದಿಗೆ ಬರುತ್ತೇನೆ ಅನ್ನಬಹುದಿತ್ತು. ಆದರೆ ಜಾಣನ ಬಾಯಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ ನೋಡಿ.

ಮಾರನೆಯ ದಿನ ಎಲೆ ಎತ್ತುವ ಸರದಿ ಗುರುಗಳದು. ವಯಸ್ಸಾದ ಸೊಂಟ. ಒಂದು ಕೈ ಮೊಣಕಾಲಿಗೆ ಊರಿ, ಒಂದೊಂದೇ ಎಲೆ ಮಡಚಿ ಎತ್ತುತ್ತಾ ಬಂದರು. ಶರಭನ ಎಲೆಗೆ ಕೈ ಹಾಕಿದಾಗ ಅವನು ದಡಬಡಿಸಿ ಎದ್ದು ಅಡ್ಡ ನಿಂತ. ಕೂತುಕೊಳ್ಳಿ, ನೆಂಟರ ಎಲೆ ಎತ್ತುವುದು ಮನೆಯವರ ಪುಣ್ಯ ಅಂದರು ಗುರುಗಳು. ಎತ್ತಿಕೊಂಡು ಮುಂದೆ ಹೋದರು.

ಹಿಂದೆಯೂ ಅವರು ಅವನ ಎಲೆ ಎತ್ತಿದ್ದರು, ಎಷ್ಟೋ ಸಲ. ಆಗ ಏನೂ ಅನ್ನಿಸಿರಲಿಲ್ಲ. ನಾಳೆಯೋ ನಾಡಿದ್ದೋ ತಾನೂ ಅವರ ಎಲೆ ಎತ್ತುವವನಿದ್ದ, ಲೆಕ್ಕ ಸಮ. ಈಗ ಆ ನಾಳೆ ಇರಲಿಲ್ಲ. ಶರಭ ಹಿತ್ತಲಿಗೆ ಹೋಗಿ, ಗೋಡೆಗೆ ಮುಖ ಮಾಡಿ ಅತ್ತ.

ಅತ್ತನಲ್ಲ, ಇನ್ನು ಸರಿಹೋಯಿತು ಅಂದುಕೊಂಡಿರಾ? ಗುರುಗಳು ಅಷ್ಟಕ್ಕೆ ಬಿಡುವವರಲ್ಲ.

ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಒಂದು ಬುತ್ತಿ ಗಂಟು ಇತ್ತು. ಪಕ್ಕದಲ್ಲಿ ಗುರುಗಳು ಕೋಲು ಹಿಡಿದು ಹೊರಟು ನಿಂತಿದ್ದರು. ಬಿಸಿಲೇರುವ ಮುಂಚೆ ಹೊರಡೋಣ, ಮರದ ತನಕ ನಾನೂ ಬರುತ್ತೇನೆ ಅಂದರು.

ಬುತ್ತಿ ಯಾರ ಕೈಗೆ ಕೊಡುತ್ತಾರೆಂದು ಶರಭನಿಗೆ ಗೊತ್ತಿಲ್ಲವೇ? ಗುರುಗಳ ಹಿಂದೆ ಹೆಜ್ಜೆ ಎಣಿಸುತ್ತ ನಡೆದ. ಹುಣಸೆ ಮರದ ಕೆಳಗೆ ಗುರುಗಳು ಗಂಟನ್ನು ಅವನ ಕೈಗಿಟ್ಟು ಕೈಮುಗಿದರು.

“ನನ್ನನ್ನು ಯಾಕೆ ಕಳಿಸುತ್ತಿದ್ದೀರಿ ಗುರುಗಳೇ? ನಾನು ಏನು ತಪ್ಪು ಮಾಡಿದೆ?”

“ತಪ್ಪು ಮಾಡೋದಕ್ಕಾದರೂ ನಿಮಗೊಂದು ಕೆಲಸ ಇರಬೇಕಲ್ಲ. ನೆಂಟರು ಎಷ್ಟು ಒಳ್ಳೆಯವರಾದರೂ ಒಂದು ದಿನ ಹೊರಡಲೇಬೇಕು. ಹೋಗಿ ಬನ್ನಿ.”

ಅಷ್ಟು ಹೇಳಿ ತಿರುಗಿದರು. ಹಿಂದೆ ನೋಡದೆ, ಕೋಲು ಊರಿಕೊಂಡು ನಡೆದೇಬಿಟ್ಟರು.

ಶರಭ ಮರದ ಬೇರಿನ ಮೇಲೆ ಕೂತ. ಒಂದು ಕಡೆ ಅಪ್ಪನ ಮನೆಗೆ ಹೋಗುವ ದಾರಿ. ಅಲ್ಲಿ ಆಳುಗಳಿದ್ದಾರೆ, ಅನ್ನ ಇದೆ, ಬೇಡ ಅನ್ನುವವರಿಲ್ಲ. ಇನ್ನೊಂದು ಕಡೆ ಆಶ್ರಮ. ಅಲ್ಲಿ ಅವನಿಗೆ ಈಗ ಏನೂ ಇಲ್ಲ.

ಹೊತ್ತು ಏರಿತು. ಹೊಟ್ಟೆ ಹಸಿಯಿತು. ಗಂಟು ಬಿಚ್ಚಿದ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೇಲೊಂದು ಮಡಚಿದ ಮುತ್ತುಗದ ಎಲೆ. ಎಲೆ ಹಾಸಿ ರೊಟ್ಟಿ ಮುರಿದ. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ರೊಟ್ಟಿಯ ಚೂರು ಗಂಟಲಿನಲ್ಲಿ ಇಳಿಯಲೇ ಇಲ್ಲ.

ಎಲೆ ಮಡಚಿದ, ಗಂಟು ಕಟ್ಟಿದ, ಎದ್ದ. ಆಶ್ರಮದ ಕಡೆಗೆ ಅವನು ಅಷ್ಟು ಜೋರಾಗಿ ಹಿಂದೆಂದೂ ನಡೆದಿರಲಿಲ್ಲ.

ನೆಂಟರು ಬರುವುದು ಮುಂಬಾಗಿಲಿನಿಂದ. ಶರಭ ಕೊಟ್ಟಿಗೆ ಹಾದು ಹಿತ್ತಲಿನಿಂದ ಬಂದ. ಬಾನಿಯಲ್ಲಿ ನೀರಿರಲಿಲ್ಲ, ಸೇದಿ ತುಂಬಿಸಿದ. ಯಾರೂ ಬೇಡ ಅನ್ನಲಿಲ್ಲ. ಬನ್ನಿ ಅಂತಲೂ ಯಾರೂ ಕರೆಯಲಿಲ್ಲ, ಬಾ ಅಂತಲೂ ಕರೆಯಲಿಲ್ಲ.

ಊಟದ ಹೊತ್ತಾಗಿತ್ತು, ಎಲ್ಲರೂ ಸಾಲಿನಲ್ಲಿ ಕೂತಿದ್ದರು. ಶರಭ ಬುತ್ತಿ ಬಿಚ್ಚಿ, ರೊಟ್ಟಿಗಳನ್ನು ಮುರಿದು, ಆ ತುದಿಯಿಂದ ಈ ತುದಿಯ ತನಕ ಒಂದೊಂದು ಚೂರು ಬಡಿಸುತ್ತಾ ಹೋದ. ಗುರುಗಳ ಎಲೆಗೂ ಒಂದು ಚೂರು ಹಾಕಿದ. ಅವರು ತಲೆ ಎತ್ತಲಿಲ್ಲ, ಚಟ್ನಿಗೆ ಅದ್ದಿಕೊಂಡು ತಿಂದರು. ಕೊನೆಯಲ್ಲಿ ಕೊಟ್ರನ ಪಕ್ಕ ತನ್ನದೇ ಎಲೆ ಹಾಸಿಕೊಂಡು ಕೂತ. ಈ ಸಲ ರೊಟ್ಟಿ ಇಳಿಯಿತು.

ಊಟ ಮುಗಿಯಿತು. ಅವತ್ತಿನ ಸರದಿ ಕೊಟ್ರನದು. ಏಳಬೇಕಾದವನು ಏಳಲಿಲ್ಲ. ಎಲೆ ತುಂಬುವ ಬುಟ್ಟಿಯನ್ನು ಶರಭನ ಕಡೆ ಅಷ್ಟು ಸರಿಸಿ, ಮಾಡಿನ ಜಂತೆ ಎಣಿಸುವವನಂತೆ ಮೇಲೆ ನೋಡುತ್ತ ಕೂತ.

ಶರಭ ಎದ್ದ. ತನ್ನ ಎಲೆ ಮಡಚಿ ಬುಟ್ಟಿಗೆ ಹಾಕಿದ. ಅಲ್ಲಿಗೆ ಅವನ ಕೈ ನಿಂತಿತು. ಉಳಿದವರ ಎಲೆ ಮುಟ್ಟಲು ತನಗೆ ಇನ್ನೂ ಹಕ್ಕಿದೆಯೋ ಇಲ್ಲವೋ, ಯಾರನ್ನು ಕೇಳಬೇಕು, ಹೇಗೆ ಕೇಳಬೇಕು, ಒಂದೂ ತಿಳಿಯಲಿಲ್ಲ. ಬುಟ್ಟಿ ಹಿಡಿದುಕೊಂಡು ಹಾಗೇ ನಿಂತ.

ಗುರುಗಳು ತಲೆ ಎತ್ತಿದರು.

“ಲೋ ಶರಭ, ನಿನ್ನ ಎಲೆ ಒಂದನ್ನೇ ಎತ್ತೋದಾಗಿದ್ದರೆ ಆ ಹುಣಸೆ ಮರದ ಕೆಳಗೇ ಉಣ್ಣಬಹುದಿತ್ತಲ್ಲೋ.”