ಹೊನ್ನವ್ವನ ಅರ್ಧ

ಹೊಳೆದಡದ ಆಶ್ರಮವೊಂದರಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಅವರು ಕಲಿಸುತ್ತಿದ್ದ ವಿದ್ಯೆ ಒಂದೇ, ಉಯಿಲು ಬರೆಯುವುದು. ಮನುಷ್ಯ ಹೋದ ಮೇಲೂ ಅವನ ಮಾತು ನಿಲ್ಲಬೇಕಲ್ಲ, ಅದು ಎಲ್ಲರ ಕೈಲಾಗುವ ಕೆಲಸವಲ್ಲ.

ಶಿಷ್ಯ ಶರಭಣ್ಣ ಒಂಬತ್ತು ವರ್ಷ ಕಲಿತು, ಮೊದಲ ಉಯಿಲನ್ನು ತಾನೊಬ್ಬನೇ ಬರೆದು ತಂದ. ಎಲ್ಲೂ ಒಂದು ಚಿತ್ತುಕಾಟಿಲ್ಲ. ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

“ಓದು,” ಎಂದರು ಗುರುಗಳು.

“ಅಂಬಿಗ ಸಿಂಗಯ್ಯನಾದ ನಾನು, ನನ್ನ ನಾಲ್ಕು ಹರಿಗೋಲುಗಳನ್ನೂ ನನ್ನ ತರುವಾಯ ನನ್ನ ತಮ್ಮನಿಗೆ ಕೊಟ್ಟಿದ್ದೇನೆ.”

“ಹರಿಗೋಲು ಯಾವಾಗ ಮಾಡಿದ್ದು?”

“ಮದುವೆಯಾದ ಮೇಲೆ, ಗುರುಗಳೇ.”

“ನಮ್ಮ ಸೀಮೆಯ ಕಟ್ಟಳೆ ಹೇಳು.”

ಶರಭಣ್ಣ ಗಿಳಿಪಾಠ ಒಪ್ಪಿಸಿದ. “ಮದುವೆಯಾದ ಮೇಲೆ ದುಡಿದು ಮಾಡಿದ್ದರಲ್ಲಿ ಗಂಡನಿಗೆ ಅರ್ಧ, ಹೆಂಡತಿಗೆ ಅರ್ಧ.”

ಗುರುಗಳು ಅವನನ್ನು ಹೊಳೆಗೆ ಕರೆದೊಯ್ದರು. ಬಿದಿರು ಹೆಣೆದು ಮುಗಿದ, ಇನ್ನೂ ತೊಗಲು ಹೊದಿಸದ ಹರಿಗೋಲೊಂದು ಅಲ್ಲಿ ಬಿಸಿಲಿಗೆ ಬಿದ್ದಿತ್ತು.

“ಹತ್ತು. ಆಚೆ ದಡ ಮುಟ್ಟಿ ಬಾ.”

ಶರಭಣ್ಣ ನಕ್ಕ. “ತೊಗಲಿಲ್ಲದೆ ಹೇಗೆ ಹೋಗಲಿ? ಮುಳುಗಿ ಸಾಯ್ತೇನೆ.”

“ಸಿಂಗಯ್ಯನ ಹರಿಗೋಲಿಗೆ ತೊಗಲು ಹೊಲಿಯೋರು ಯಾರು?”

“ಅವನ ಹೆಂಡತಿ ಹೊನ್ನವ್ವ.”

“ಆಕೆಯ ಪಾಲು ನಿನ್ನ ಉಯಿಲಿನಲ್ಲಿ ಎಲ್ಲಿದೆ?”

ಶರಭಣ್ಣನ ನಗು ಅಲ್ಲೇ ನಿಂತಿತು. ಕಟ್ಟಳೆ ಬಾಯಲ್ಲಿತ್ತು, ಕೈಗೆ ಇಳಿದಿರಲಿಲ್ಲ. ನಾಳೆ ಸಿಂಗಯ್ಯ ಕಣ್ಣು ಮುಚ್ಚಿದರೆ ಆ ಹೆಂಗಸು ಮೈದುನನ ಹೊಸ್ತಿಲಲ್ಲಿ ಕೂಳಿಗೆ ಕಾಯಬೇಕಿತ್ತು. ಅವನಿಗೆ ತುಂಬ ನಾಚಿಕೆಯಾಯಿತು.

ಉಯಿಲನ್ನು ಹರಿದು ಹಾಕಿ ಸಿಂಗಯ್ಯನ ಗುಡಿಸಲಿಗೆ ಓಡಿದ.

“ಅಜ್ಜ, ಎರಡನ್ನ ಮಾತ್ರ ನೀನು ಕೊಡಬಹುದು. ಇನ್ನೆರಡು ಹೊನ್ನವ್ವನವು.”

ಹಾಸಿಗೆ ಹಿಡಿದಿದ್ದ ಮುದುಕ ಎದ್ದೇ ಕೂತ. “ನಂದನ್ನ ನಾನು ಕೊಡಾಕೆ ನಿಂದೇನಯ್ಯ ಅಡ್ಡಿ? ನಲವತ್ತು ವರ್ಸ ಹುಟ್ಟು ಹಾಕಿದ್ದು ನಾನು ಕಣಯ್ಯ!”

“ನಲವತ್ತು ವರ್ಷದಲ್ಲಿ ಹರಿಗೋಲಿಗೆ ಎಷ್ಟು ಸಲ ನೀರು ನುಗ್ಗಿತು?”

“ಒಂದ್ ಹನಿ ನುಗ್ಗಿಲ್ಲ!” ಮುದುಕ ಎದೆಯುಬ್ಬಿಸಿದ. “ಇವಳ ಹೊಲಿಗೆ ಅಂದ್ರೆ ಏನಂದ್ಕೊಂಡೆ? ಏಳೂರಲ್ಲಿ ಹುಡುಕು, ಇಂಥ ಕೈ ಸಿಕ್ಕಾಕಿಲ್ಲ!”

ಹೇಳಿದವನು ಹೆಂಡತಿಯ ಕಡೆ ತಿರುಗಿದ. ತೊಗಲು ಹೊಲಿದು ಹೊಲಿದು ಗಟ್ಟಿಯಾದ ಅವಳ ಬೆರಳುಗಳನ್ನು ನೋಡಿದ.

“ಎರಡೇ ಬರ್ಕೊ,” ಎಂದು ಹೆಬ್ಬೆಟ್ಟು ಚಾಚಿದ.

ಮರುದಿನ ಹೊನ್ನವ್ವ ತಾನೇ ಆಶ್ರಮಕ್ಕೆ ಬಂದಳು. ಒಗೆದ ಸೀರೆ ಉಟ್ಟಿದ್ದಳು. ಯಾರ ಮುಂದೆಯೂ ತಲೆ ತಗ್ಗಿಸದೆ ಅಂಗಳ ದಾಟಿದಳು.

“ನಂಗೂ ಒಂದು ಉಯಿಲು ಬರ್ಕೊಡಪ್ಪ.”

“ಯಾರಿಗೆ ಕೊಡ್ತೀಯವ್ವ?” ಎಂದ ಶರಭಣ್ಣ.

“ಅದನ್ನ ಆಮ್ಯಾಕೆ ನೋಡಾನ. ಮೊದ್ಲು, ಎರಡು ಹರಿಗೋಲು ಹೊನ್ನವ್ವಂದು ಅಂತ ಬರಿ.”

ಶರಭಣ್ಣ ಗುರುಗಳ ಕಡೆ ತಿರುಗಿದ. “ಗುರುಗಳೇ, ಯಾರಿಗೆ ಅನ್ನೋದೇ ಇಲ್ಲದಿದ್ದರೆ ಅದು ಉಯಿಲಾಗೋದಿಲ್ಲವಲ್ಲ. ಏನು ಬರೆಯಲಿ?”

ಗುರುಗಳು ಇದ್ದುದರಲ್ಲಿ ದೊಡ್ಡ ಕಾಗದವನ್ನು ಆರಿಸಿ ಅವನ ಮುಂದಿಟ್ಟರು.

“ಆಕೆ ಹೇಳಿದ್ದನ್ನೇ ಬರಿ. ದಪ್ಪ ಅಕ್ಷರದಲ್ಲಿ ಬರಿ.”