ಹನ್ನೆರಡನೆಯ ಮಣೆ

ಪೂಜ್ಯ ಮರಿಯದಾಸ ಸ್ವಾಮಿಯವರು ಸಿಲುವೆಕೊಪ್ಪಲಿನ ದೇವಾಲಯಕ್ಕೆ ಗುರುಗಳಾಗಿ ಬಂದಾಗ ಅವರಿಗೆ ಆಗಲೇ ವಯಸ್ಸಾಗಿತ್ತು. ಮಂಡಿಯೂರಿದರೆ ಏಳುವುದಕ್ಕೆ ಗೋಡೆ ಹಿಡಿಯಬೇಕಾಗಿತ್ತು. ದೇವಾಲಯದ ಹಿಂದೆ ಹೆಂಚಿನ ಒಂದು ಕೋಣೆ, ಅದರೊಳಗೆ ಒಂದು ಚಾಪೆ, ನೀರಿನ ಹೂಜಿ, ಗೋಡೆಯ ಮೇಲೆ ಶಿಲುಬೆ. ಅವರ ಸಂಸಾರವೆಲ್ಲ ಇಷ್ಟೇ. ತಮ್ಮ ನಿಲುವಂಗಿಗೆ ತಾವೇ ತೇಪೆ ಹಾಕಿಕೊಳ್ಳುತ್ತಿದ್ದರು. ಮಾತು ಬಹಳ ಕಡಿಮೆ. ಪ್ರಸಂಗ ಮಾಡಲು ನಿಂತರೂ ಜನ ಕೆಮ್ಮಿ ಸರಿಯಾಗಿ ಕೂರುವಷ್ಟರಲ್ಲಿ ಮುಗಿಸಿಬಿಡುತ್ತಿದ್ದರು.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಪವಿತ್ರ ಗುರುವಾರದಂದು ಯೇಸುಸ್ವಾಮಿ ತಮ್ಮ ಹನ್ನೆರಡು ಶಿಷ್ಯರ ಪಾದ ತೊಳೆದರಲ್ಲ, ಅದರ ನೆನಪಿಗೆ ಗುರುಗಳು ಹನ್ನೆರಡು ಗಂಡಸರ ಪಾದ ತೊಳೆಯಬೇಕು. ಕೂರುವುದಕ್ಕೆ ಹಲಸಿನ ಮರದ ಹನ್ನೆರಡು ಮಣೆಗಳಿದ್ದವು. ಒಂದೊಂದು ಮಣೆ ಆ ಶಿಷ್ಯರಲ್ಲಿ, ಎಂದರೆ ಪ್ರೇಷಿತರಲ್ಲಿ, ಒಬ್ಬೊಬ್ಬರ ಹೆಸರಿನದು, ಒಂದೊಂದು ಮನೆತನಕ್ಕೆ ಸೇರಿದ್ದು. ಅಪ್ಪನ ನಂತರ ಮಗ ಕೂರುತ್ತಿದ್ದ. ಹೊಲ ಮಾರಿದವರುಂಟು, ಮಣೆ ಬಿಟ್ಟುಕೊಟ್ಟವರಿಲ್ಲ. ಅಂದು ಮಣೆಯ ಮನೆಗಳ ಹೆಂಗಸರು ಬೆಳಗಿನಿಂದಲೇ ಗಂಡಂದಿರ ಕಾಲನ್ನು ಅಂಟುವಾಳ ಹಾಕಿ ತಿಕ್ಕಿ, ಹಿಮ್ಮಡಿಯನ್ನು ಕಲ್ಲಿನಲ್ಲಿ ಉಜ್ಜಿ, ಹರಳೆಣ್ಣೆ ಸವರಿ ಕಳಿಸುತ್ತಿದ್ದರು. ದೂಳು ತಾಕೀತೆಂದು ಗಾಡಿ ಕಟ್ಟಿಸಿಕೊಂಡು ಬರುವವರೂ ಇದ್ದರು. ಗುರುಗಳ ಕೈಗೆ ಕೊಳೆ ಕಾಣಿಸಿದರೆ ಮನೆತನಕ್ಕೇ ಅವಮಾನ ಎಂದು ಅವರ ಎಣಿಕೆ.

ಇಟ್ಟಿಗೆ ಗೂಡಿನ ಮದಲೇನಮ್ಮನ ಗಂಡ ಚೌರಪ್ಪ ಪ್ರೇಷಿತ ತೋಮಾಸರ ಮಣೆಯಲ್ಲಿ ಕೂರುತ್ತಿದ್ದವನು. ಮರಿಯದಾಸ ಸ್ವಾಮಿಯವರು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅವನು ಜ್ವರದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಮುಂದಿನ ಪವಿತ್ರ ಗುರುವಾರ ಮದಲೇನಮ್ಮ ದೇವಾಲಯಕ್ಕೆ ಹೋದರೆ, ಆ ಮಣೆಯ ಮೇಲೆ ಅವಳ ಮೈದುನ ಇನ್ನಾಸಪ್ಪ ಬಿಳಿ ಪಂಚೆ ಉಟ್ಟು ಕೂತಿದ್ದಾನೆ. ಅವಳಿಗೆ ಒಂದು ಮಾತೂ ಹೇಳಿರಲಿಲ್ಲ. ಕೇಳಿದ್ದಕ್ಕೆ ಊರ ಯಜಮಾನ ಅಂತೋಣಪ್ಪ, "ಗಂಡಸಿಲ್ಲದ ಮನೆಗೆ ಮಣೆ ಯಾಕವ್ವ?" ಎಂದ.

ಅವಳು ಬಾಯಿ ಮಾಡಲಿಲ್ಲ. ಯೇಸುಸ್ವಾಮಿ ಪುನರುತ್ಥಾನರಾದ ಪಾಸ್ಕ ಹಬ್ಬ ಕಳೆದ ಮರುದಿನ ಹಾಡಹಗಲಲ್ಲಿ, ಜನ ನೋಡುತ್ತಿದ್ದಂತೆಯೇ, ದೇವಾಲಯದ ಪಕ್ಕದ ಕೋಣೆಗೆ ಹೋಗಿ ಆ ಮಣೆಯನ್ನು ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಬಂದಳು. ತಡೆಯಲು ಬಂದವರಿಗೆ, "ಇದು ನನ್ನ ಗಂಡ ಕೂತ ಮಣೆ. ಗಂಡಸಾದವನು ಬಂದು ಕಿತ್ತುಕೊಳ್ಳಲಿ," ಎಂದಳು. ಯಾರೂ ಹೋಗಲಿಲ್ಲ. ಅಂದಿನಿಂದ ಇನ್ನಾಸಪ್ಪ ಹನ್ನೊಂದು ಮಣೆಗಳ ಕೊನೆಯಲ್ಲಿ ಒಂದು ಮುಕ್ಕಾಲಿಯ ಮೇಲೆ ಕೂರತೊಡಗಿದ. ಅಂದಿನಿಂದ ಮದಲೇನಮ್ಮ ದೇವಾಲಯದ ಹೊಸಿಲು ತುಳಿಯಲಿಲ್ಲ.

ಗಂಡ ಸತ್ತಾಗ ಅವಳ ಬಳಿ ಇದ್ದದ್ದು ಒಂದು ಇಟ್ಟಿಗೆಯ ಅಚ್ಚು. ಬೇರೆಯವರ ಗೂಡಿನಲ್ಲಿ ಮಣ್ಣು ತುಳಿದು, ಕೊನೆಗೆ ತನ್ನದೇ ಗೂಡು ಕಟ್ಟಿದಳು. ಊರಿನ ಅರ್ಧ ಗೋಡೆಗಳು ಅವಳ ಇಟ್ಟಿಗೆಯವು. ದುಡಿದು ಮೇಲೆ ಬಂದ ಹೆಂಗಸಿನ ಹಟವನ್ನು ಅಹಂಕಾರವೆಂದು ಕರೆಯುವುದು ಲೋಕಕ್ಕೆ ಸುಲಭ. ಹಟವಿಲ್ಲದಿದ್ದರೆ ಅವಳು ಬದುಕುತ್ತಲೇ ಇರಲಿಲ್ಲ. ಆದರೆ ಅದೇ ಹಟ ಅವಳಿಂದ ಊರನ್ನೂ ಕಿತ್ತುಕೊಂಡಿತ್ತು. ಹಬ್ಬಕ್ಕೆ ಕರೆಯುವವರಿಲ್ಲ, ಹುಷಾರಿಲ್ಲದಾಗ ಗಂಜಿ ತರುವವರಿಲ್ಲ. ಗಂಡನ ಕಡೆಯಿಂದ ಉಳಿದಿದ್ದ ಒಂದೇ ಜೀವ ಇನ್ನಾಸಪ್ಪ. ಅವನು ಎದುರಿಗೆ ಬಂದರೆ ಇಬ್ಬರೂ ಬೇರೆ ದಾರಿ ಹಿಡಿಯುತ್ತಿದ್ದರು.

ಹಿಂದಿನ ಗುರುಗಳು ಮಣೆಗಾಗಿ ಹೇಳಿಕಳಿಸುತ್ತಿದ್ದರು, ಗದರಿಸುತ್ತಿದ್ದರು. ಅವಳೂ ಸರಿಯಾದ ಉತ್ತರ ಕಳಿಸುತ್ತಿದ್ದಳು. ಮರಿಯದಾಸ ಸ್ವಾಮಿಯವರು ಮಾತ್ರ ಏನನ್ನೂ ಕೇಳಲಿಲ್ಲ. ಅವಳಿಗೆ ತಡೆಯಲಾಗದೆ ಹೋದದ್ದು ಅದೇ. ಪಾಸ್ಕಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಒಂದು ಮಧ್ಯಾಹ್ನ ತಾನೇ ಹೊರಟಳು. ಸ್ವಾಮಿಯವರು ಕೋಣೆಯ ಹಿಂದೆ ನೆಲದ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಸ್ತೋತ್ರ ಸ್ವಾಮಿ. ನಾನು ಮಣೆ ಹೊತ್ತುಕೊಂಡು ಹೋದೋಳು," ಎಂದಳು.

"ಗೊತ್ತಾಯಿತು. ಕೂತುಕೋ ತಾಯಿ."

"ಕೂರಕ್ಕೆ ಬಂದಿಲ್ಲ. ಆ ಮಣೆ ಕೊಡಲ್ಲ ಅಂತ ಹೇಳಿ ಹೋಗಕ್ಕೆ ಬಂದೆ."

ಸ್ವಾಮಿಯವರು ತಲೆಯಾಡಿಸಿ ಇನ್ನೊಂದು ಹಣ್ಣು ಎತ್ತಿಕೊಂಡರು. ಬೈಗುಳಕ್ಕೆ ಸಿದ್ಧವಾಗಿ ಬಂದವಳನ್ನು ಆ ಮೌನ ಇನ್ನೂ ಕೆರಳಿಸಿತು.

"ಅಲ್ಲ ಸ್ವಾಮಿ, ನೀವು ತೊಳೆಯೋದು ಏನನ್ನ? ಹೆಂಡ್ತೀರು ಬೆಳಗಿಂದ ಉಜ್ಜಿ ಉಜ್ಜಿ ಫಳಫಳ ಮಾಡಿರೋ ಕಾಲನ್ನ. ಅಂಥ ಕಾಲಿನ ಮೇಲೆ ಒಂದು ಚೊಂಬು ನೀರು ಸುರಿದರೆ ಸೇವೆ ಆಯ್ತಾ? ಅದು ನಾಟಕ. ಕೊಳೆ ಕಾಲು ಬೇಕಾದರೆ ನನ್ನ ಗೂಡಿನ ಹತ್ತಿರ ಬನ್ನಿ."

ಸ್ವಾಮಿಯವರ ಕೈ ನಿಂತಿತು. "ಮಣೆ ಈಗ ಎಲ್ಲಿದೆ?" ಎಂದು ಕೇಳಿದರು.

"ನಮ್ಮ ಅಟ್ಟದ ಮೇಲೆ."

"ಹಾಗಾದರೆ ಹನ್ನೆರಡನೆಯವರ ಪಾದ ಅಲ್ಲಿಯೇ ತೊಳೆಯಬೇಕು," ಎಂದರು. ಮತ್ತೆ ಬೀಜ ಬಿಡಿಸತೊಡಗಿದರು.

ಮುದುಕರು ತಮಾಷೆ ಮಾಡಿದರೆಂದುಕೊಂಡು ಮದಲೇನಮ್ಮ ಹಿಂತಿರುಗಿದಳು.

ಪವಿತ್ರ ಗುರುವಾರ ಬಂತು. ಆ ಕಾಲದಲ್ಲಿ ಪಾದ ತೊಳೆಯುವ ಸೇವೆ ಪೂಜೆಯಿಂದ ಬೇರೆಯಾಗಿ ಮಧ್ಯಾಹ್ನ ನಡೆಯುತ್ತಿತ್ತು. ಊರೆಲ್ಲ ದೇವಾಲಯದಲ್ಲಿತ್ತು. ಆಳುಗಳಿಗೂ ರಜೆ. ಮದಲೇನಮ್ಮ ಮಾತ್ರ, ಎಲ್ಲರಿಗೂ ಗೊತ್ತಾಗಲಿ ಎಂದೇ, ಸೀರೆ ಎತ್ತಿಕಟ್ಟಿ ಗುಂಡಿಗಿಳಿದು ಇಟ್ಟಿಗೆಯ ಮಣ್ಣು ತುಳಿಯುತ್ತಿದ್ದಳು. ದೂರದಿಂದ ಹಾಡು ಕೇಳಿಸಿತು. ಹಾಡು ಹತ್ತಿರವಾಗುತ್ತ ಬಂತು. ತಲೆಯೆತ್ತಿ ನೋಡಿದರೆ, ಬಿಸಿಲಿನಲ್ಲಿ ಸ್ವಾಮಿಯವರು ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು, ಕೈಯಲ್ಲಿ ಹಿತ್ತಾಳೆಯ ಬೋಗುಣಿ ಹಿಡಿದು ಬರುತ್ತಿದ್ದಾರೆ. ಹಿಂದೆ ಊರಿಗೆ ಊರೇ ಇದೆ. ಹನ್ನೊಂದು ಜನರ ಪಾದ ತೊಳೆದು, ಮುಕ್ಕಾಲಿಯ ಮೇಲಿದ್ದ ಇನ್ನಾಸಪ್ಪನ ಮುಂದೆ ಬಂದಾಗ, ಅವನ ಪಾದ ತೊಳೆಯದೆ, "ನೀರಿನ ಕೊಡ ಎತ್ತಿಕೊಂಡು ನನ್ನ ಜೊತೆ ಬಾಪ್ಪ," ಎಂದಿದ್ದರಂತೆ. ಅವನು ತುಂಬಿದ ಕೊಡವನ್ನು ಹೆಗಲ ಮೇಲಿಟ್ಟುಕೊಂಡು, ಬರಿಗಾಲಿನಲ್ಲಿ, ತಲೆ ತಗ್ಗಿಸಿ ಬರುತ್ತಿದ್ದ.

ಸ್ವಾಮಿಯವರು ಗೂಡಿನ ಅಂಗಳದಲ್ಲಿ ನಿಂತರು. "ಮಣೆ ತಾ ತಾಯಿ," ಎಂದರು.

ಮದಲೇನಮ್ಮ ಅಟ್ಟದಿಂದ ಮಣೆ ಇಳಿಸಿ, ಸೆರಗಿನಿಂದ ಜೇಡರ ಬಲೆ ಒರೆಸಿ, ಅಂಗಳದಲ್ಲಿ ಹಾಕಿದಳು.

"ಕೂತುಕೋ."

ಯಜಮಾನ ಅಂತೋಣಪ್ಪ ಮುಂದೆ ಬಂದ. "ಸ್ವಾಮ್ಯೋರೆ, ಹೆಂಗಸಿನ ಕಾಲು... ಇದು ಪದ್ಧತಿ ಅಲ್ಲ," ಎಂದ. ಸ್ವಾಮಿಯವರು ಅವನ ಮುಖ ನೋಡಿದರು. ಅಂತೋಣಪ್ಪ ಹಿಂದಕ್ಕೆ ಸರಿದ.

ಅಷ್ಟು ವರ್ಷ ಅವಳು ಬಯಸಿದ್ದು ಇದನ್ನೇ. ಊರೆಲ್ಲ ನೋಡುತ್ತಿರಬೇಕು, ಆ ಮಣೆಯ ಮೇಲೆ ತಾನು ಕೂತಿರಬೇಕು. ಅವಳಿಗೆ ಗೆದ್ದೆನೆನಿಸಿತು. ಆಮೇಲೆ ತನ್ನ ಕಾಲಿನ ಕಡೆ ನೋಡಿಕೊಂಡಳು. ಮಂಡಿಯವರೆಗೂ ಕೆಂಪು ಮಣ್ಣು. ಅದರ ಕೆಳಗೆ ಬಿರುಕು ಬಿಟ್ಟ ಹಿಮ್ಮಡಿ, ಕಪ್ಪು ಉಗುರು. "ಒಂದು ಗಳಿಗೆ ಇರಿ ಸ್ವಾಮಿ, ತೊಳಕೊಂಡು ಬತ್ತೀನಿ," ಎಂದು ಬಾವಿಯ ಕಡೆಗೆ ತಿರುಗಿದಳು. ಎಲ್ಲರನ್ನೂ ಆಡಿಕೊಂಡವಳು ತಾನೂ ಅದನ್ನೇ ಮಾಡಹೊರಟಿದ್ದಳು.

"ಬೇಡ," ಎಂದರು ಸ್ವಾಮಿಯವರು. ಮದಲೇನಮ್ಮ ತಿರುಗಿ ಬಂದು ಮಣೆಯ ಮೇಲೆ ಕೂತಳು.

ಅವರು ಮಂಡಿಯೂರಿದರು. ಹಿಡಿದುಕೊಳ್ಳಲು ಅಲ್ಲಿ ಗೋಡೆಯಿರಲಿಲ್ಲ. ಒಂದು ಕೈಯನ್ನು ನೆಲಕ್ಕೆ ಊರಿ, ಮೆಲ್ಲಗೆ ಇಳಿದರು. ಇನ್ನಾಸಪ್ಪ ನೀರು ಹೊಯ್ದ. ಮೆತ್ತಿಕೊಂಡ ಜಿಗುಟು ಮಣ್ಣು ಒಂದು ಚೊಂಬಿಗೆ ಬಿಡುವಂಥದಲ್ಲ. ಸ್ವಾಮಿಯವರು ಬೆರಳುಗಳ ಸಂದಿಯಿಂದ ಮಣ್ಣು ಬಿಡಿಸಿದರು. ಬೋಗುಣಿಯ ನೀರು ಕೆಂಪಾಯಿತು. ಅದನ್ನು ಚೆಲ್ಲಿ ಮತ್ತೆ ತುಂಬಿಸಿದರು. ಹಾಡು ಯಾವಾಗಲೋ ನಿಂತಿತ್ತು. ಮದಲೇನಮ್ಮನಿಗೆ ಕಾಣುತ್ತಿದ್ದದ್ದು ಬಗ್ಗಿದ ಆ ಬೋಳು ತಲೆ, ಅದರ ಮೇಲಿನ ಬೆವರು. ಕೇಳುತ್ತಿದ್ದದ್ದು ಅವರ ಏದುಸಿರು. ಚೌರಪ್ಪ ಹೋದ ಮೇಲೆ ಆ ಕಾಲನ್ನು ಯಾರೂ ಮುಟ್ಟಿರಲಿಲ್ಲ. ಕೆಲಸ ಮುಗಿಸಿ ಬಂದ ಸಂಜೆ ಅವನು ದೀಪದ ಮುಂದೆ ಕೂರಿಸಿಕೊಂಡು ಅವಳ ಅಂಗಾಲಿನ ಮುಳ್ಳು ತೆಗೆಯುತ್ತಿದ್ದ. ಅದನ್ನು ನೆನೆಯಬಾರದೆಂದು ಇಷ್ಟು ವರ್ಷ ಗಟ್ಟಿಯಾಗಿದ್ದಳು.

ಸ್ವಾಮಿಯವರು ಸೊಂಟದ ವಸ್ತ್ರದ ತುದಿಯಿಂದ ಪಾದಗಳನ್ನು ಒರೆಸಿ, ಬಗ್ಗಿ ಮುತ್ತಿಟ್ಟರು.

ಮದಲೇನಮ್ಮ ಪಾದಗಳನ್ನು ಹಿಂದಕ್ಕೆ ಎಳೆದುಕೊಂಡಳು. ಆದರೂ ಹಟ ಒಂದೇ ಸಲಕ್ಕೆ ಸಾಯುವುದಿಲ್ಲ. "ಎಲ್ಲರ ಮುಂದೆ ಹೇಳಿಬಿಡಿ ಸ್ವಾಮಿ. ಈ ಮಣೆ ನನ್ನದು ತಾನೇ?" ಎಂದಳು.

"ನಿನ್ನದೇ."

ಇನ್ನಾಸಪ್ಪ ಕೊಡವನ್ನು ಕೆಳಗಿಟ್ಟ. ಯಾರ ಮುಖವನ್ನೂ ನೋಡದೆ ಹೊರಡಲು ತಿರುಗಿದ. ಸ್ವಾಮಿಯವರು ಮಂಡಿಯೂರಿದಲ್ಲಿಯೇ ಇದ್ದರು. ಸೊಂಟದಿಂದ ಒದ್ದೆ ವಸ್ತ್ರವನ್ನು ಬಿಚ್ಚಿ ಎರಡು ಕೈಗಳಲ್ಲಿ ಹಿಡಿದು ಹೇಳಿದರು:

"ಮಣೆಗಾಗಿ ಜಗಳವಾಡಿದವರನ್ನು ಎಲ್ಲ ಊರಿನಲ್ಲೂ ನೋಡಿದ್ದೇನೆ. ಈ ವಸ್ತ್ರ ನನ್ನದು ಎಂದು ಜಗಳವಾಡಿದವರನ್ನು ಒಬ್ಬರನ್ನೂ ಕಾಣೆ."

ಮಣೆಯ ಮನೆಗಳ ಗಂಡಸರು ತಮ್ಮ ತಮ್ಮ ಪಾದಗಳನ್ನು ನೋಡುತ್ತ ನಿಂತರು. ಸ್ವಾಮಿಯವರು ಆ ವಸ್ತ್ರವನ್ನು ಯಾರಿಗೂ ಕೊಡಲಿಲ್ಲ, ಸುಮ್ಮನೆ ಹಿಡಿದಿದ್ದರು.

ಮದಲೇನಮ್ಮ ಮಣೆಯಿಂದ ಎದ್ದಳು. ವಸ್ತ್ರವನ್ನು ಅವರ ಕೈಯಿಂದ ತೆಗೆದುಕೊಂಡಳು. ತೋಳು ಹಿಡಿದು ಅವರನ್ನು ಎಬ್ಬಿಸಿ ನಿಲ್ಲಿಸಿದಳು. ಆಮೇಲೆ ಕರೆದಳು. "ಇನ್ನಾಸ, ಬಾ ಇಲ್ಲಿ. ಕೂತ್ಕೊ."

"ಬೇಡ ಅತ್ತಿಗೆ."

"ಕೂತ್ಕೊಳೋ ಅಂದೆ."

ಅವನು ಕೂತ. ಬೆಳಿಗ್ಗೆ ಹೆಂಡತಿ ಉಜ್ಜಿ ಕಳಿಸಿದ್ದ ಕಾಲು ಬೀದಿಯ ದೂಳು ಮೆತ್ತಿಕೊಂಡು, ಅತ್ತಿಗೆಯ ಪಾದಕ್ಕೆ ಹೊಯ್ದ ನೀರಿನ ಕೆಸರು ಸಿಡಿದು, ಕೆಂಪಾಗಿತ್ತು. ಮದಲೇನಮ್ಮ ಕುಕ್ಕರಗಾಲಿನಲ್ಲಿ ಕೂತು ತೊಳೆಯತೊಡಗಿದಳು. ಈಗ ನೀರು ಹೊಯ್ದವರು ಸ್ವಾಮಿಯವರು.

"ನಾನು ಕೂರದಿದ್ದರೆ ಅಂತೋಣಪ್ಪನವರು ತಮ್ಮ ಅಳಿಯನ್ನ ಕೂರಿಸ್ತಿದ್ದರು, ಅತ್ತಿಗೆ," ಎಂದ ಇನ್ನಾಸಪ್ಪ. "ಅಣ್ಣನ ಮಣೆ ಬೇರೆ ಮನೆಗೆ ಹೋಗಬಾರದು ಅಂತ ಕೂತೆ. ನಿನ್ನ ಒಂದು ಮಾತು ಕೇಳಬೇಕಿತ್ತು."

"ಕೇಳಿದ್ದರೂ ಕೊಡ್ತಿರಲಿಲ್ಲ ಬಿಡು," ಎಂದಳು ಮದಲೇನಮ್ಮ. ಅವಳ ಕಣ್ಣೀರು ಬೋಗುಣಿಗೆ ಬೀಳುತ್ತಿತ್ತು. "ಆ ಕಾಲು ಕೊಡು."

ಅಂದು ಸಂಜೆ ಆರಾಧನೆಯ ಹೊತ್ತಾದಾಗ ಅವಳು ಸೀರೆ ಬದಲಿಸುವುದಕ್ಕೂ ನಿಲ್ಲಲಿಲ್ಲ. ದೇವಾಲಯದ ಬಾಗಿಲಿನಲ್ಲಿ ಬಂದು ನಿಂತಳು. ಒಳಗೆ ಜನ ತುಂಬಿತ್ತು. ಹೊಸಿಲ ಈಚೆ ನಿಂತವಳಿಗೆ ಹೆಜ್ಜೆ ಏಳಲಿಲ್ಲ. ಎಲ್ಲಿ ಕೂರುವುದೆಂದು ತಿಳಿಯಲಿಲ್ಲ. ಹೆಂಗಸರ ಸಾಲಿನಲ್ಲಿದ್ದ ಯಜಮಾನನ ಹೆಂಡತಿ ಆರೋಗ್ಯಮ್ಮ ಹಿಂತಿರುಗಿ ನೋಡಿದಳು. ಪಕ್ಕದವಳನ್ನು ಮೊಣಕೈಯಿಂದ ತಿವಿದಳು.

"ಸ್ವಲ್ಪ ಸರಿಯೇ. ಮದಲೇನಕ್ಕ ಬಂದವ್ಳೆ."

ಇಡೀ ಸಾಲು ಸರಿಯಿತು. ಮದಲೇನಮ್ಮ ಒಳಗೆ ಹೋಗಿ ಆ ಜಾಗದಲ್ಲಿ ಮಂಡಿಯೂರಿದಳು.